ದಂಡಿ ಕಾಯುವವಳು

ಕಮತಗಿಯ ಬಸ್ ನಿಲ್ದಾಣದಿಂದ ಪೇಟೆಯ ಕಡೆ ನಡೆದರೆ ಹುಲ್ಲಪ್ಪನ ಹಿಟ್ಟಿನ ಗಿರಣಿ ಸಿಗುತ್ತದೆ. ಬೋರ್ಡಿನ ಮೇಲಿರುವುದು ಬೀರಪ್ಪ ದೇವರ ಹೆಸರು. ಊರವರ ಬಾಯಲ್ಲಿ ಮಾತ್ರ ಅದು ಹುಲ್ಲಪ್ಪನ ಗಿರಣಿಯೇ. ಈಗ ಅದನ್ನು ನಡೆಸುವವಳು ಅವನ ಮಗಳು ಸುಧಾರಾಣಿ. ಬೀಸಿದ ಹಿಟ್ಟನ್ನು ಎಡಗೈಯಲ್ಲಿ ತಿಕ್ಕಿ ನೋಡಿ ಕಲ್ಲನ್ನು ಬಿಗಿ ಮಾಡುತ್ತಾಳೆ, ಇಲ್ಲವೆ ಸಡಿಲಿಸುತ್ತಾಳೆ. ಬಲಗೈಯಲ್ಲಿ ಆಕೆಗೆ ತೋರುಬೆರಳೂ ಇಲ್ಲ, ನಡುಬೆರಳೂ ಇಲ್ಲ.

ಪಿಯುಸಿ ಓದುತ್ತಿದ್ದಾಗ ನಡೆದದ್ದು ಅದು. ಮೋಟಾರಿನ ಬೆಲ್ಟು ಜಾರುತ್ತಿತ್ತು. ಅಪ್ಪ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದ ಹುಡುಗಿ ತಾನೂ ಕೋಲಿನಿಂದ ಅದನ್ನು ಗಾಲಿಯ ಮೇಲೆ ಒತ್ತಲು ಹೋದಳು. ಕೋಲು ಸಿಡಿಯಿತು, ಕೈ ಒಳಗೆ ಹೋಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಉಳಿದ ಮೂರು ಬೆರಳನ್ನು ಉಳಿಸಿಕೊಟ್ಟರು. ಹೆಬ್ಬೆರಳು ಚೆನ್ನಾಗಿತ್ತು, ಉಂಗುರ ಬೆರಳು ಅರ್ಧ ಮಾತ್ರ ಮಡಚುತ್ತಿತ್ತು.

ಗಾಯ ಮಾಯಿತು. ಮಾಯದೇ ಉಳಿದದ್ದು ಜನರ ಮಾತು. ಗಿರಣಿಗೆ ಬಂದವರು ಆಕೆ ಕಾಳಿನ ಡಬ್ಬಿಗೆ ಕೈ ಹಾಕುವ ಮೊದಲೇ ತಾವೇ ಎತ್ತಿಕೊಳ್ಳುತ್ತಿದ್ದರು. ನೆರೆಮನೆಯ ಬಸಲಿಂಗವ್ವ ಪ್ರತಿಸಲವೂ, "ನೀ ಸುಮ್ನ ಕುಂದ್ರ ಯವ್ವಾ, ನಿನ್ನ ಕೈಲೆ ಆಗೂದಿಲ್ಲ" ಎನ್ನುತ್ತಿದ್ದಳು. ಅಪ್ಪನಂತೂ ಬೆಲ್ಟಿನ ಹತ್ತಿರವೂ ಬಿಡುತ್ತಿರಲಿಲ್ಲ. ಅವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಿದ್ದರು, ಸುಧಾರಾಣಿಗೆ ಅದು ಗೊತ್ತಿತ್ತು. ಗೊತ್ತಿದ್ದರಿಂದಲೇ ತಿರುಗಿ ಏನೂ ಅನ್ನಲಾಗುತ್ತಿರಲಿಲ್ಲ.

ಹುನಗುಂದದಲ್ಲಿ ಬಿ.ಎ. ಓದುವಾಗ ಆಕೆಯ ಫೋನಿನ ಗಾಜು ಒಡೆಯಿತು. ಪಿಯುಸಿಯಲ್ಲಿ ಜೊತೆಗೆ ಓದಿದ್ದ ಅಫ್ಜಲ ಅಲ್ಲಿನ ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಟಿವಿ, ದುಬೈಯಲ್ಲಿದ್ದ ಅವನ ಕಾಕಾ ತಂದುಕೊಟ್ಟ ಒಂದು ವಿಡಿಯೋ ಗೇಮಿನ ಪೆಟ್ಟಿಗೆ. ಗಾಜು ಕೂಡಿಸುವವರೆಗೆ ಕಾಯುತ್ತ ಕುಳಿತವಳು ಒಳಗಿನ ಕೂಗಾಟ ಕೇಳಿ ಎದ್ದು ಹೋಗಿ ನೋಡಿದಳು.

ಆ ಆಟದಲ್ಲಿ ಗಾಳಿಯಲ್ಲಿ ತೇಲುವ ಒಂದು ಕಟ್ಟೆ, ಅದರ ಮೇಲೆ ಹೊಡೆದಾಡುವ ಇಬ್ಬರು. ಕೆಳಗೆ ನೆಲವೇ ಇಲ್ಲ. ಎಷ್ಟು ಏಟು ತಿಂದರೂ ಏಟಿನಿಂದ ಯಾರೂ ಸಾಯುವುದಿಲ್ಲ. ಆದರೆ ತಿಂದಷ್ಟೂ ಮೈ ಹಗುರಾಗಿ, ಮುಂದಿನ ಏಟಿಗೆ ಇನ್ನೂ ದೂರ ಹಾರಿಹೋಗುತ್ತಾರೆ. ಕಟ್ಟೆಯಿಂದ ಆಚೆ ಹಾರಿ, ಟಿವಿ ತೆರೆಯ ಕೆಳಗೆ ಬಿದ್ದರೆ ಒಂದು ಜೀವ ಹೋದಂತೆ, ಇದ್ದ ಜೀವಗಳೆಲ್ಲ ಹೋದರೆ ಸೋತಂತೆ. ಬೀಳುತ್ತಿರುವವನಿಗೂ ದಾರಿ ಉಂಟು. ಗಾಳಿಯಲ್ಲೇ ಇನ್ನೊಮ್ಮೆ ಜಿಗಿಯಬಹುದು, ಅದೂ ಮುಗಿದ ಮೇಲೆ ಕೊನೆಯದೊಂದು ದೊಡ್ಡ ಹಾರಿಕೆ. ಅಷ್ಟರಲ್ಲಿ ಕಟ್ಟೆಯ ಅಂಚು ಕೈಗೆ ಸಿಕ್ಕರೆ ಮತ್ತೆ ಮೇಲೆ ಬಂದು ಆಡಬಹುದು.

"ಆಡ್ತಿ ಏನು?" ಎಂದು ಅಫ್ಜಲ ಕೇಳಿದ. ಕೇಳಿದ ಮೇಲೆ ಆಕೆಯ ಕೈ ನೆನಪಾಗಿ ಮುಖ ಸಣ್ಣದು ಮಾಡಿದ.

ಸುಧಾರಾಣಿ ಅವನ ಕೈಯಿಂದ ಆಟದ ರಿಮೋಟು ತೆಗೆದುಕೊಂಡಳು. ಅವತ್ತು ಆಡಿದ್ದೆಲ್ಲ ಸೋತಳು. ಮರುವಾರ ಮತ್ತೆ ಬಂದಳು.

ಒಂದೇ ಸಮನೆ ನಾಲ್ಕೈದು ಏಟು ಕೂಡಿಸಿ ಹೊಡೆಯುವುದು ಆ ಆಟದ ದೊಡ್ಡ ವಿದ್ಯೆ. ಅದಕ್ಕೆ ಬಲಗೈಯ ಬೆರಳೆಲ್ಲ ಓಡಾಡಬೇಕು. ಆಕೆಗೆ ಅದು ಆಗುತ್ತಿರಲಿಲ್ಲ. ಬಟನ್ನುಗಳನ್ನು ತನಗೆ ಬೇಕಾದ ಹಾಗೆ ಬದಲಿಸಿಕೊಂಡಳು, ರಿಮೋಟನ್ನು ತೊಡೆಯ ಮೇಲೆ ಊರಿ ಹಿಡಿಯಲು ಕಲಿತಳು. ಆದರೂ ಎರಡು ಏಟಿನ ಮೇಲೆ ಮೂರನೆಯದು ತಡವಾಗುತ್ತಿತ್ತು, ಎದುರಿನವನು ತಪ್ಪಿಸಿಕೊಳ್ಳುತ್ತಿದ್ದ. ತನ್ನಿಂದ ಏನು ಆಗುತ್ತದೆ ಎಂದು ನೋಡುತ್ತ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕಟ್ಟೆಯ ನಡುವೆ ಹತ್ತು ಏಟು ಬೇಕಾದ ಕೆಲಸ ಅಂಚಿನಲ್ಲಿ ಒಂದೇ ಏಟಿಗೆ ಆಗುತ್ತದೆ. ಆಚೆ ಬಿದ್ದವನು ಮರಳಿ ಬರುವ ದಾರಿಯಲ್ಲಿ ಸರಿಯಾದ ಹೊತ್ತಿಗೆ ಒಂದು ಸಲ ತಡೆದರೆ ಸಾಕು. ಅದಕ್ಕೆ ಒಂದು ಹೆಬ್ಬೆರಳು ಸಾಕು.

ಇಂಗ್ಲಿಷಿನಲ್ಲಿ ಅದನ್ನು ಎಡ್ಜ್‌ಗಾರ್ಡ್ ಅನ್ನುತ್ತಾರೆ. ಹೊಳೆಯ ದಡವನ್ನು ದಂಡಿ ಎನ್ನುವ ಊರಿನವನಾದ್ದರಿಂದ ಅಫ್ಜಲ ಅದನ್ನು "ದಂಡಿ ಕಾಯೂದು" ಎಂದ. ಆ ಹೆಸರೇ ನಿಂತಿತು.

ಸುಧಾರಾಣಿ ಈಟಿ ಹಿಡಿದ ಒಬ್ಬ ಹೆಣ್ಣಾಳನ್ನು ಆರಿಸಿಕೊಂಡಳು. ಈಟಿ ನಿಧಾನ, ಆದರೆ ಉದ್ದ. ಅಂಚಿನಲ್ಲಿ ನಿಂತು ಕೆಳಗೆ ಚುಚ್ಚಿದರೆ ಏರಿ ಬರುವವರಿಗೆ ತಗಲುತ್ತಿತ್ತು. ಅಂಗಡಿಗೆ ಬರುವ ಹುಡುಗರು ಸೋಲತೊಡಗಿದರು, ಸೋತವರು ಗೊಣಗಿದರು. ಅಫ್ಜಲನೂ ಒಮ್ಮೆ ರಿಮೋಟು ಕೆಳಗಿಟ್ಟು ಕೇಳಿಯೇಬಿಟ್ಟ.

"ಬಿದ್ದಾಂವ ಹೆಂಗೋ ದಂಡಿ ಹಿಡಿಯಾಕ ಒದ್ದ್ಯಾಡತಿರ್ತಾನು. ಅಂವನ ಕೈ ಮ್ಯಾಲ ಹೊಡೀತಿಯಲ್ಲ, ಇದು ಆಟ ಏನು? ಮ್ಯಾಲ ಬರಾಕ ಬಿಟ್ಟು, ಆಮ್ಯಾಲ ಹೊಡಿ."

ಇದೇ ಮಾತನ್ನು ಮನೆಯಲ್ಲಿ ಆಯಿಯೂ ಹೇಳಿದಳು. ಆಯಿ ಎಂದರೆ ಹುಲ್ಲಪ್ಪನ ತಾಯಿ ರಂಗವ್ವ. ಮೊಮ್ಮಗಳು ಫೋನಿನಲ್ಲಿ ಬೇರೆಯವರ ಆಟ ನೋಡುತ್ತಿದ್ದಾಗ ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ನೋಡಿ, "ಬಿದ್ದವರ ಕೈ ಹಿಡಿದು ಎಬ್ಬಸಬೇಕು. ನೀವೆಲ್ಲಾ ತುಳಿಯೂದು ಕಲ್ಯಾಕತ್ತೀರಿ" ಎಂದಳು. ಕೆಲವು ದಿನ ಸುಧಾರಾಣಿ ಕೈ ತಡೆದೇ ಆಡಿದಳು. ಅಂಚಿಗೆ ಹೋಗಿಯೂ ಹೊಡೆಯದೆ ನಿಲ್ಲುತ್ತಿದ್ದಳು.

ಅಷ್ಟರಲ್ಲಿ ಬಾಗಲಕೋಟೆಯ ನವನಗರದಲ್ಲಿ ಕೆಲವು ಕಾಲೇಜು ಹುಡುಗರು ಕೂಡಿ ಒಂದು ಪಂದ್ಯ ಇಟ್ಟರು. ಅಫ್ಜಲ ತನ್ನ ಹೆಸರಿನ ಜೊತೆ ಆಕೆಯ ಹೆಸರನ್ನೂ ಕೊಟ್ಟ. ಅವನು ಮೊದಲ ಸುತ್ತಿನಲ್ಲೇ ಸೋತು ಕುರ್ಚಿ ಹಿಡಿದ. ಸುಧಾರಾಣಿ ಗೆದ್ದು ಎರಡನೇ ಸುತ್ತಿಗೆ ಹೋದಳು. ಎದುರಿಗೆ ಬಂದವನು ಗೌತಮ. ಬಾದಾಮಿಯ ಹುಡುಗ, ಬೆಳಗ್ಗೆ ಗುಹೆಗಳನ್ನು ನೋಡಲು ಬರುವವರಿಗೆ ಗೈಡ್. ಆ ಭಾಗದಲ್ಲೇ ಗಟ್ಟಿ ಆಟಗಾರ ಎಂದು ಹೆಸರಾದವನು. ಅವನ ಆಳಿಗೆ ಸಣ್ಣ ರೆಕ್ಕೆಗಳಿದ್ದವು, ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತಿದ್ದ.

ಕೈ ಕುಲುಕುವಾಗ ಅವನು ಆಕೆಯ ಬಲಗೈ ನೋಡಿದ. ಆಟ ಶುರುವಾಯಿತು.

ಸುಧಾರಾಣಿ ಗೆದ್ದಳು. ಕೋಣೆಯ ತುಂಬ ಚಪ್ಪಾಳೆ ಬಿತ್ತು, ಬೇರೆ ಯಾರಿಗೂ ಬೀಳದಷ್ಟು. ಯಾರೋ ಫೋನು ಎತ್ತಿ ಆಕೆಯ ಕೈಯನ್ನು ಚಿತ್ರ ಹಿಡಿಯುತ್ತಿದ್ದರು. ಆಕೆ ಏಳಲಿಲ್ಲ. ಗೌತಮನ ಕಡೆ ತಿರುಗಿ ಕೇಳಿದಳು.

"ನಾ ಆಚಿ ಬಿದ್ದಾಗ ನೀವು ದಂಡಿ ಬಿಟ್ಟು ಹಿಂದಕ್ಕ ಯಾಕ ಸರದ್ರಿ?"

"ಇಲ್ರಿ, ತಪ್ಪಿ ಹೋತು."

"ಒಮ್ಮಿ ತಪ್ಪಿದ್ರ ತಪ್ಪು ಅನ್ನಬಹುದು. ಬಿದ್ದಾಗೊಮ್ಮಿ ಹಿಂದಕ್ಕ ಸರದ್ರಿ. ನಾ ಏರಿ ಬರೂತನಕ ಬೆನ್ನ ಮಾಡಿ ನಿಂತಿದ್ರಿ."

ಗೌತಮ ತಲೆ ತಗ್ಗಿಸಿದ. "ನಿಮ್ಮ ಕೈ ನೋಡಿ... ಹೊಡಿಯಾಕ ಮನಸ್ಸು ಬರ್ಲಿಲ್ರಿ."

ಸುಧಾರಾಣಿ ಎದ್ದು ಪಂದ್ಯ ನಡೆಸುವವರ ಮೇಜಿಗೆ ಹೋದಳು. "ನಾ ಗೆದ್ದಿಲ್ರಿ. ಇನ್ನೊಮ್ಮಿ ಆಡಸ್ರಿ." ಮೇಜಿನ ಹಿಂದಿದ್ದ ಹುಡುಗ ನಗುವುದೋ ಬಿಡುವುದೋ ತಿಳಿಯದೆ, ಗೆದ್ದವರು ಹೀಗೆ ಕೇಳಿದ್ದು ಇದೇ ಮೊದಲು ಎಂದ. ಹಿಂದೆ ಬಂದು ನಿಂತಿದ್ದ ಗೌತಮ, "ಅವ್ರು ಹೇಳೂದು ಖರೆ ಐತಿ. ಮತ್ತ ಆಡ್ತೇವಿ" ಎಂದ.

ಎರಡನೇ ಸಲ ಅವನು ಬಿಡಲಿಲ್ಲ. ಆಕೆಯನ್ನು ಆಚೆ ಎಸೆದ ಮೇಲೆ ತಾನೂ ಹಿಂದೆಯೇ ಹಾರಿ ಬಂದು, ಗಾಳಿಯಲ್ಲೇ ಒದ್ದು ಕೆಳಗಿಳಿಸಿದ. ಸುಧಾರಾಣಿ ಅವನ ಹಿಂದೆ ಹಾರಿದಾಗ ಅವನು ತಪ್ಪಿಸಿಕೊಂಡು ಕಟ್ಟೆ ಸೇರಿದ, ಆಕೆಯೇ ಕೆಳಗೆ ಬಿದ್ದಳು. ಅವನ ಒಂದು ಜೀವವನ್ನೂ ತೆಗೆಯಲಾಗದೆ ಸೋತಳು. ಈ ಸಲ ಚಪ್ಪಾಳೆ ಬೀಳಲಿಲ್ಲ.

"ಈಗ ಆಟ ಆತು ನೋಡ್ರಿ" ಎಂದಳು. "ಮತ್ತ ಸಿಗ್ತೇನಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಅಫ್ಜಲ ಸಮಾಧಾನ ಹೇಳಲು ನೋಡಿದ. ಗೆದ್ದದ್ದನ್ನು ಕೈಯಾರೆ ಯಾಕೆ ಬಿಟ್ಟೆ ಎಂಬುದೇ ಅವನಿಗೆ ತಿಳಿದಿರಲಿಲ್ಲ.

"ಗಿರಣಿಯೊಳಗ ಡಬ್ಬಿ ಎತ್ತಗೊಡೂದಿಲ್ಲ, ಅಫ್ಜಲ. ಮನ್ಯಾಗ ಕೊಡಾ ಎತ್ತಗೊಡೂದಿಲ್ಲ. ಅದೊಂದು ಕಟ್ಟಿ ಮ್ಯಾಲ ಮಾತ್ರ ನನ್ನ ಕೈ ಯಾರಿಗೂ ಕಾಣೂದಿಲ್ಲ ಅಂತ ತಿಳ್ಕೊಂಡಿದ್ದೆ. ಅಲ್ಲೂ ದಾರಿ ಬಿಟ್ಟು ನಿಂತ್ರು."

ಹೇಳುತ್ತ ಹೇಳುತ್ತ ಕಣ್ಣು ತುಂಬಿದವು. ಕಮತಗಿಯಲ್ಲಿ ಇಳಿಯುವಾಗ ಆಕೆ, "ಐತ್ವಾರ ಬರ್ತೇನಿ, ಅಂಗಡಿ ತಗದಿರು" ಎಂದಷ್ಟೇ ಹೇಳಿದಳು.

ಮನೆಯಲ್ಲಿ ನಡೆದದ್ದನ್ನೆಲ್ಲ ಕೇಳಿದ ರಂಗವ್ವ ವೀಳ್ಯದೆಲೆಗೆ ಸುಣ್ಣ ಹಚ್ಚಿ ಮಡಚಿದಳು. "ಹಂಗಾರ ಆ ಹುಡುಗ ನಿನ್ನ ಸರಿಸಾಟಿ ಅಂತ ತಿಳೀಲಿಲ್ಲ" ಎಂದಳು. "ಹಾದ್ಯಾಗ ಬಿದ್ದವ್ರು ಬ್ಯಾರೆ, ಕಣದಾಗ ಇಳದವ್ರು ಬ್ಯಾರೆ. ಹೊಡಿ ನೀ."

ಬಿ.ಎ. ಮುಗಿದು ವಾರವೆಲ್ಲ ಗಿರಣಿಯಲ್ಲೇ ಇರುತ್ತಿದ್ದ ಸುಧಾರಾಣಿಯ ಭಾನುವಾರಗಳು ಅಂದಿನಿಂದ ಹುನಗುಂದದಲ್ಲಿ ಕಳೆದವು. ಅವಳು ಅಫ್ಜಲನಿಗೆ ಆಟ ಆಡಲು ಬಿಡುತ್ತಿರಲಿಲ್ಲ. ಅವನ ಕೆಲಸ ಒಂದೇ, ಕಟ್ಟೆಯಿಂದ ಆಚೆ ಬೀಳುವುದು, ಮರಳಿ ಬರಲು ನೋಡುವುದು. ಮೇಲಿಂದ ಬಾ, ಕೆಳಗಿಂದ ಬಾ, ತಡ ಮಾಡಿ ಬಾ ಎಂದು ಹೇಳಿ ಹೇಳಿ ಬೀಳಿಸುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅಫ್ಜಲನ ತಾಳ್ಮೆಯೂ ಮುಗಿಯಿತು.

"ನಾ ಏನು ಬೀಳಾಕಂತನ ಹುಟ್ಟೇನೇನು? ಇವತ್ತ ನೀ ಬೀಳು, ನಾ ಕಾಯ್ತೇನಿ!"

ಸಿಟ್ಟಿನಲ್ಲಿ ಆಡಿದ ಮಾತು, ಆದರೆ ಆಕೆಗೆ ಒಪ್ಪಿಗೆಯಾಯಿತು. ಅಂದು ಆಕೆಯೇ ಬಿದ್ದಳು, ಮುಂದಿನ ವಾರವೂ ಬಿದ್ದಳು. ಬೀಳುತ್ತ ಬೀಳುತ್ತ, ಬೀಳುವವನ ಮನಸ್ಸು ತಿಳಿಯಿತು. ಕೆಳಗೆ ಏನೂ ಇಲ್ಲ ಎನ್ನುವ ಹೆದರಿಕೆಗೆ ಗಾಳಿಯಲ್ಲಿನ ಜಿಗಿತವನ್ನು ಬೇಗ ಖರ್ಚು ಮಾಡಿಬಿಡುತ್ತೇವೆ. ಕಾಯುವವನು ಮುಂದೆ ನುಗ್ಗಿದರೆ ಬೀಳುವವನಿಗೆ ಒಳ್ಳೆಯದೇ ಆಗುತ್ತದೆ, ಅವನು ಬಿಟ್ಟುಬಂದ ಜಾಗವೇ ದಾರಿ. ಕಾಯುವವನು ಏನೂ ಮಾಡದೆ ನಿಂತಾಗಲೇ ಎದೆ ಹೊಡೆದುಕೊಳ್ಳುವುದು. ಬಾಗಲಕೋಟೆಯಲ್ಲಿ ತಾನು ಗೌತಮನ ಹಿಂದೆ ಹಾರಿ ಹಾರಿ ಅವನಿಗೆ ದಾರಿ ಮಾಡಿಕೊಟ್ಟದ್ದು ಆಕೆಗೆ ಆಗ ಅರ್ಥವಾಯಿತು.

ಆ ಚಳಿಗಾಲದಲ್ಲಿ ಒಂದು ಬೆಳಗ್ಗೆ ಗಿರಣಿಯ ಬೆಲ್ಟು ಗಾಲಿಯಿಂದ ಕಳಚಿ ಬಿತ್ತು. ಈಗ ಅದರ ಸುತ್ತ ಕಬ್ಬಿಣದ ಜಾಳಿಗೆ ಇತ್ತು, ಅವಳ ಬೆರಳು ತುಂಡಾದ ಮರುವಾರವೇ ಹುಲ್ಲಪ್ಪ ಹಾಕಿಸಿದ್ದ. ಅವನು ಹೊರಗೆ ಯಾರ ಜೊತೆಗೋ ಮಾತಾಡುತ್ತಿದ್ದವನು ಸದ್ದು ಕೇಳಿ ಓಡಿಬಂದಾಗ ಮಗಳು ಜಾಳಿಗೆ ಬಿಚ್ಚಿ, ಬೆಲ್ಟು ಹಿಡಿದು ಕುಳಿತಿದ್ದಳು.

"ಆಕಡಿ ಸರಕೋ! ಸರಕೋ ಅಂದ್ನಿ!"

"ಮೇನ್ ಸ್ವಿಚ್ ತಗದೇನಿ, ಅಪ್ಪಾ. ನೀ ಅಲ್ಲೇ ನಿಂದ್ರು."

"ನಿನ್ನ ಕೈಲೆ ಅದು ಆಗೂದಿಲ್ಲವಾ. ತಾ ಇಲ್ಲೆ."

ಪಾಳಿಗೆ ನಿಂತಿದ್ದ ಹೆಂಗಸರು ತಿರುಗಿ ನೋಡಿದರು. ಸುಧಾರಾಣಿ ಬೆಲ್ಟು ಬಿಡಲಿಲ್ಲ. "ಬಾಗಲಕೋಟ್ಯಾಗ ಒಬ್ಬಾಂವ ನನ್ನ ಕೈ ನೋಡಿ ಬಿಟ್ಟುಕೊಟ್ಟ. ಅಂವನ ಮ್ಯಾಲ ಸಿಟ್ಟಾದೆ. ನೀ ಇಷ್ಟ ವರ್ಷದಿಂದ ಬಿಟ್ಟುಕೊಡಾಕತ್ತೀದಿ, ನಿನ್ನ ಮ್ಯಾಲ ಹೆಂಗ ಸಿಟ್ಟಾಗ್ಲಿ?"

ಹುಲ್ಲಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ. "ಈ ಜಾಳಗಿ ಮೊದಲ ಹಾಕಿಸಿದ್ರ ನಿನ್ನ ಬೆರಳು ಇರ್ತಿದ್ದು. ನಾಳೆ ಹಾಕಸ್ತೇನಿ, ನಾಳೆ ಹಾಕಸ್ತೇನಿ ಅಂತ ಕುಂತೆ. ನೀ ಬೆಲ್ಟಿಗೆ ಕೈ ಹಚ್ಚಿದ್ರ ನನಗ ಅದ ಕಾಣ್ತೈತಿ."

"ಗೊತ್ತೈತಿ ಅಪ್ಪಾ. ಅದು ನಿನ್ನ ಸಂಕಟ. ಆದ್ರ ಗಿರಣಿ ನಡಸೂಕಿ ನಾ. ಬೆಲ್ಟು ಕಳಚಿದಾಗೊಮ್ಮಿ ನಿನ್ನ ಹುಡುಕ್ಕೊಂಡು ಬರ್ಲೇನು?"

ಅವನು ಚೌಕಟ್ಟು ಬಿಟ್ಟು ಮುಂದೆ ಬರಲಿಲ್ಲ. ಸುಧಾರಾಣಿ ಎಡಗೈಯಿಂದ ಗಾಲಿ ತಿರುಗಿಸುತ್ತ, ಬಲಗೈಯ ಅಂಗೈಯಿಂದ ಬೆಲ್ಟು ಒತ್ತಿದಳು. ಅದು ಏರಿದ ಹಾಗೆ ಮಾಡಿ ಜಾರಿತು. ಮತ್ತೆ ಕೂಡಿಸಿದಳು, ಮತ್ತೆ ಜಾರಿತು. ಯಾರೋ ಒಬ್ಬಳು "ಹುಲ್ಲಪ್ಪಣ್ಣಾ, ನೀನ ಹೋಗಬಾರ್ದ?" ಎಂದಳು. ಹುಲ್ಲಪ್ಪ ತಲೆಯಲ್ಲಾಡಿಸಿದ. ಸುಧಾರಾಣಿ ಈ ಸಲ ಮೊಣಕೈ ಊರಿ, ಮೈಭಾರ ಬಿಟ್ಟು ತಳ್ಳಿದಳು. ಬೆಲ್ಟು ಕೂತಿತು. ಜಾಳಿಗೆ ಬಿಗಿದು, ಸ್ವಿಚ್ ಹಾಕಿ, ಮುಂದಿನ ಡಬ್ಬಿಗೆ ಕೈ ಚಾಚಿದಳು. ಅದು ಬಸಲಿಂಗವ್ವನದು. ಮುದುಕಿ ಒಂದು ಗಳಿಗೆ ತಡೆದು ಡಬ್ಬಿಯನ್ನು ಆಕೆಯ ಕಡೆ ತಳ್ಳಿದಳು.

ಅದಾದ ಮೇಲೆ ಹುಲ್ಲಪ್ಪ ಗಿರಣಿಗೆ ಬರುವುದು ಕಡಿಮೆಯಾಯಿತು. ಮನೆಯ ಕುರಿಗಳ ಹಿಂದೆ ಹೋಗತೊಡಗಿದ. ಅದು ಅವನಿಗೆ ಮೊದಲಿನಿಂದಲೂ ಇಷ್ಟದ ಕೆಲಸ.

ಮುಂದಿನ ಪಂದ್ಯ ಇಳಕಲ್ಲಿನಲ್ಲಿ, ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ಈ ಸಲ ಗೋಡೆಯ ಮೇಲೆ ದೊಡ್ಡ ಪರದೆ ಹಾಕಿದ್ದರು. ಸುಧಾರಾಣಿ ಗೆಲ್ಲುತ್ತ ಬಂದಳು, ಎಲ್ಲವನ್ನೂ ಅಂಚಿನಲ್ಲೇ. "ಮೇಡಂ ದಂಡಿಗೆ ಬಂದ್ರ ಮುಗೀತು" ಎಂದು ಸೋತವನೊಬ್ಬ ಹೊರಗೆ ಚಹಾ ಕುಡಿಯುತ್ತ ಹೇಳಿದ್ದನ್ನು ಅಫ್ಜಲ ಓಡಿಬಂದು ತಿಳಿಸಿದ. ಸೆಮಿಫೈನಲ್‌ನಲ್ಲಿ ಎದುರಾದವನು ಗೌತಮ.

ಪಕ್ಕದ ಕುರ್ಚಿಯಲ್ಲಿ ಕೂರುತ್ತ ಅವನು, "ಈ ಸಲ ಮನಸ್ಸು ಬರ್ತೈತ್ರಿ" ಎಂದ.

"ಬರ್ಲಿಲ್ಲಂದ್ರ ಮತ್ತ ಆಡಸ್ತೇನಿ" ಎಂದಳು ಸುಧಾರಾಣಿ.

ಅವನು ಮನಸ್ಸಿಟ್ಟೇ ಆಡಿದ. ಕಟ್ಟೆಯ ನಡುವೆ ಅವನ ಕೈಯೇ ಮೇಲಾಗಿತ್ತು, ಏಟಿನ ಮೇಲೆ ಏಟು ಕೂಡಿಸಿ ಆಕೆಯನ್ನು ಆಚೆ ಎಸೆಯುತ್ತಿದ್ದ. ಎಸೆದ ಮೇಲೆ ಹಿಂದೆ ಸರಿಯಲಿಲ್ಲ, ಅಂಚಿನಲ್ಲೇ ನಿಂತ. ಸುಧಾರಾಣಿ ತಾನು ಬಿದ್ದು ಬಿದ್ದು ಕಲಿತದ್ದನ್ನೆಲ್ಲ ಬಳಸಿ ಒಮ್ಮೆ ಮೇಲಿಂದ, ಒಮ್ಮೆ ತೀರ ಕೆಳಗಿಂದ ಏರಿ ಬಂದಳು. ಕೊನೆಗೆ ಇಬ್ಬರಿಗೂ ಒಂದೊಂದೇ ಜೀವ ಉಳಿಯಿತು. ಆಗ ಈಟಿಯ ಒಂದು ಏಟು ಸರಿಯಾಗಿ ಬಿದ್ದು ಗೌತಮನ ಆಳು ಕಟ್ಟೆಯಿಂದ ಬಲು ದೂರ ಹಾರಿತು.

"ಹೋಗು! ಹಿಂದ ಹೋಗು!" ಎಂದು ಜನ ಕೂಗಿದರು. ಅಫ್ಜಲನೂ ಕೂಗಿದ.

ಸುಧಾರಾಣಿ ಹೋಗಲಿಲ್ಲ. ಅಂಚಿನಿಂದ ಒಂದು ಹೆಜ್ಜೆ ಒಳಗೆ ಸುಮ್ಮನೆ ನಿಂತಳು. ಗೌತಮ ರೆಕ್ಕೆ ಬಿಚ್ಚಿ ತೇಲುತ್ತ ಕಾದ. ಆಕೆ ನುಗ್ಗಿದರೆ ಪಕ್ಕದಿಂದ ನುಸುಳಬೇಕು ಎಂಬುದು ಅವನ ಲೆಕ್ಕ. ಆಕೆ ನುಗ್ಗಲೇ ಇಲ್ಲ. ತೇಲುವಷ್ಟು ತೇಲಿ ಅವನು ಇಳಿಯತೊಡಗಿದ, ಇಳಿಯುವುದನ್ನು ತಡೆಯಲು ಗಾಳಿಯ ಜಿಗಿತ ಖರ್ಚು ಮಾಡಿದ. ಆಕೆ ಆಗ ಅರ್ಧ ಹೆಜ್ಜೆ ಮುಂದೆ ಬಂದು ನಿಂತಳು, ಅಷ್ಟೇ. ಅವನು ಮೇಲಿಂದ ಬರುವುದನ್ನು ಬಿಟ್ಟು ಕೆಳಗೆ ಇಳಿದ. ಇನ್ನು ಅವನಲ್ಲಿ ಉಳಿದದ್ದು ಕೊನೆಯ ಹಾರಿಕೆ ಒಂದೇ, ಅದು ಬರುವುದು ಅಂಚಿನ ನೇರ ಕೆಳಗಿಂದ. ಸುಧಾರಾಣಿ ಕಟ್ಟೆ ಬಿಟ್ಟು ಕೆಳಗೆ ಹಾರಿದಳು. ಹೆಬ್ಬೆರಳು ಒಂದೇ ಬಟನ್ ಒತ್ತಿತು. ಏರಿ ಬರುತ್ತಿದ್ದವನಿಗೆ ಈಟಿ ತಗಲಿತು, ಗೌತಮ ಕೆಳಗೆ ಹೋದ. ಆಕೆಯ ಆಳೂ ಬೀಳುತ್ತಿತ್ತು. ಜಿಗಿತ ಉಳಿಸಿಕೊಂಡಿದ್ದಳು. ಜಿಗಿದು ಅಂಚು ಹಿಡಿದಳು.

ಗದ್ದಲದ ನಡುವೆ ಗೌತಮ ಕೈ ಚಾಚಿದ. "ನನ್ನ ಕೈಲೆ ಎಷ್ಟ ಆಗತೈತಿ ಅಷ್ಟೂ ಆಡೇನ್ರಿ."

"ಗೊತ್ತಾತ್ರಿ" ಎಂದಳು ಸುಧಾರಾಣಿ. ಅವನ ಕೈಯನ್ನು ಜೋರಾಗಿ ಕುಲುಕಿದಳು.

ಫೈನಲ್‌ನಲ್ಲಿ ಸೋತಳು. ಎದುರಿಗಿದ್ದವಳು ಬಾಗಲಕೋಟೆಯ ಕಾಲೇಜು ಹುಡುಗಿ, ಜಯಶ್ರೀ ಎಂದು. ಚೂಟಿ ಹುಡುಗಿ. ಸುಧಾರಾಣಿಯ ಆಟವನ್ನು ಬೆಳಗ್ಗೆಯಿಂದ ನೋಡಿದ್ದಳು. ಕಟ್ಟೆಯ ನಡು ಬಿಟ್ಟು ಕದಲಲೇ ಇಲ್ಲ. ಅಂಚಿಗೆ ಬಾರದವಳನ್ನು ಅಂಚಿನಲ್ಲಿ ಕಾಯುವುದು ಹೇಗೆ? ಸುಧಾರಾಣಿ ಅತ್ತಿತ್ತ ಎಳೆದು ನೋಡಿದಳು. ಸಿಕ್ಕಷ್ಟು ಸಲ ಬೀಳಿಸಿ ತಡೆದಳು, ಆದರೆ ಸಿಕ್ಕದ್ದೇ ಕಡಿಮೆ. ಮುಗಿದ ಮೇಲೆ ಜಯಶ್ರೀ ಎದ್ದು, "ಅಕ್ಕಾ, ನೀವು ದಂಡ್ಯಾಗ ನಿಂತ್ರ ನನಗ ಭಾಳ ಅಂಜಿಕಿ ಬರ್ತಿತ್ರಿ" ಎಂದಳು.

ಇಳಕಲ್ ಬಸ್ ನಿಲ್ದಾಣದಲ್ಲಿ ಅಫ್ಜಲ ಮಂಡಕ್ಕಿಯ ಗಿರಮಿಟ್ ಕಟ್ಟಿಸಿಕೊಂಡು ಬಂದ. ಎರಡನೇ ಬಹುಮಾನ ಸಣ್ಣದೇನಲ್ಲ, ಇಷ್ಟು ದಿನ ಬಿದ್ದದ್ದಕ್ಕೆ ಒಂದು ಫಲ ಸಿಕ್ಕಿತು ಎಂದು ಅವನು ಖುಷಿಯಲ್ಲಿದ್ದ. ಸುಧಾರಾಣಿಗೂ ಖುಷಿಯೇ. ಆದರೆ ತಿನ್ನುವುದನ್ನು ಮರೆತು ಬಲಗೈಯ ಉಂಗುರ ಬೆರಳನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ನೋಡುತ್ತಿದ್ದಳು. ಅರ್ಧಕ್ಕೆ ನಿಲ್ಲುವ ಬೆರಳು ಅದು.

"ಏನ್ ಮಾಡಾಕತ್ತಿ?" ಎಂದ ಅಫ್ಜಲ.

"ದಂಡಿಗೆ ಬರ್ಲಾರದವ್ರನ್ನ ನಾನ ದಂಡಿಗೆ ತರಬೇಕು. ಅದಕ್ಕ ಮೂರನೇ ಏಟು ಬೇಕ. ನನ್ನ ಕೈಲೆ ಆಗೂದಿಲ್ಲ ಅಂತ ಬಿಟ್ಟಿದ್ನಲ್ಲ, ಅದು."

"ಆ ಬೆರಳಲೆ ಆಗತೈತೇನು?"

"ಗೊತ್ತಿಲ್ಲ. ಒತ್ತಿ ನೋಡ್ತೇನಿ. ಐತ್ವಾರ ಲಗೂನ ಅಂಗಡಿ ತಗಿ."

ಹುನಗುಂದದ ಬಸ್ಸು ಬಂತು. ಜನ ಮುಗಿಬಿದ್ದರು. ಸುಧಾರಾಣಿ ಪೊಟ್ಟಣವನ್ನು ಅಫ್ಜಲನ ಕೈಗೆ ಕೊಟ್ಟು, ಬಾಗಿಲ ಕಂಬಿಯನ್ನು ಬಲಗೈಯಲ್ಲೇ ಹಿಡಿದು ಹತ್ತಿ, ಇಬ್ಬರಿಗೂ ಜಾಗ ಹಿಡಿದಳು.